ಇಡೀ ಕರ್ನಲ್ ಬೇಡ, ಒಂದೇ ಡ್ರೈವರ್ ಸಾಕು

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಂತಹ ಕಡೆ ಹಳೆಯ ಸಿಎನ್‌ಸಿ ಯಂತ್ರಕ್ಕೆ ಲ್ಯಾಪ್‌ಟಾಪ್ ಜೋಡಿಸಬೇಕಾದರೆ ನಡುವೆ ಒಂದು ಯುಎಸ್‌ಬಿ ಸೀರಿಯಲ್ ಕನ್ವರ್ಟರ್ ಬೇಕಾಗುತ್ತದೆ. ಬಾಗಲಕೋಟೆ, ವಿಜಯಪುರದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಕೊಳ್ಳುವ ಅಗ್ಗದ ಆರ್ಡುಯಿನೊ ಮಾದರಿಯ ಬೋರ್ಡುಗಳಲ್ಲೂ, ಈ ಕನ್ವರ್ಟರುಗಳಲ್ಲೂ ಸಾಮಾನ್ಯವಾಗಿ ಕಾಣುವುದು ಸಿಎಚ್340 ಎಂಬ ಚಿಪ್. ಲಿನಕ್ಸಿನಲ್ಲಿ ಅದನ್ನು ನಡೆಸುವ ತಂತ್ರಾಂಶ, ಅಂದರೆ ಸಿಎಚ್341 ಡ್ರೈವರ್, ಸಿ ಭಾಷೆಯ ಒಂದೇ ಒಂದು ಕಡತದಲ್ಲಿದೆ. ಅದರಲ್ಲಿ ಒಂದು ಸಾಲು ತಿದ್ದಬೇಕೆಂದಾಗ, 2020ರ ಹೊತ್ತಿಗೇ 2 ಕೋಟಿ 70 ಲಕ್ಷ ಸಾಲು ದಾಟಿದ್ದ ಇಡೀ ಕರ್ನಲ್ ಅನ್ನು, ಅಂದರೆ ಲಿನಕ್ಸಿನ ತಿರುಳನ್ನು, ಕಂಪೈಲ್ ಮಾಡಲು (ಯಂತ್ರ ಓಡಿಸಬಲ್ಲ ರೂಪಕ್ಕೆ ತರಲು) ವಿದ್ಯಾರ್ಥಿಯನ್ನು ಕೂರಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಆ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ, ನಡುವೆ ಕರೆಂಟ್ ಹೋದರೆ ಹುಡುಗರ ಉತ್ಸಾಹವೂ ಅಲ್ಲಿಗೇ ನಿಲ್ಲುತ್ತದೆ.

ಅದರ ಬದಲು ಆ ಡ್ರೈವರನ್ನಷ್ಟೇ ಬೇರೆಯಾಗಿ ಕಟ್ಟಬಹುದು. ಕರ್ನಲ್‌ನ ಕಾನ್ಫಿಗರೇಶನ್‌ನಲ್ಲಿ ಆ ಡ್ರೈವರಿನ ಮುಂದೆ 'ಎಮ್' ಎಂದಿದ್ದರೆ ಅದು ಬೇಕಾದಾಗ ಸೇರಿಸಿ, ಬೇಡವಾದಾಗ ತೆಗೆಯಬಹುದಾದ ಮಾಡ್ಯೂಲ್. 'ವೈ' ಎಂದಿದ್ದರೆ ಅದು ಕರ್ನಲ್‌ನೊಳಗೇ ಬೆರೆತಿದೆ, ಆಗ ಈ ದಾರಿ ನಡೆಯುವುದಿಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ ಸಿಎಚ್341 ಮಾಡ್ಯೂಲ್ ಆಗಿಯೇ ಬರುತ್ತದೆ. ಆದ್ದರಿಂದ ಈಗ ಓಡುತ್ತಿರುವ ಕರ್ನಲ್‌ನ ಹೆಡರ್ ಪ್ಯಾಕೇಜ್ (ಡ್ರೈವರ್ ಕಟ್ಟಲು ಬೇಕಾದ ಕಡತಗಳ ಕಟ್ಟು) ಹಾಕಿಕೊಂಡು, ಆ ಸಿ ಕಡತವನ್ನೂ ಏನು ಕಟ್ಟಬೇಕೆಂದು ಹೇಳುವ ಒಂದೇ ಸಾಲಿನ ಮೇಕ್‌ಫೈಲನ್ನೂ ಬೇರೆ ಫೋಲ್ಡರಿನಲ್ಲಿಟ್ಟು, ಕರ್ನಲ್‌ನ ಬಿಲ್ಡ್ ಫೋಲ್ಡರಿನ ಮೂಲಕ ಮೇಕ್ ಆದೇಶ ಕೊಟ್ಟರೆ ಕೆಲವೇ ಕ್ಷಣಗಳಲ್ಲಿ 'ಕೆಒ' ಕಡತ, ಅಂದರೆ ಮಾಡ್ಯೂಲ್, ಸಿದ್ಧವಾಗುತ್ತದೆ.

ಬಹುತೇಕರು ಎಡವುವುದು ಆವೃತ್ತಿಯ ವಿಷಯದಲ್ಲಿ, ಮತ್ತು ಇಲ್ಲಿ ಅವಸರ ಸಲ್ಲದು. ಸೋರ್ಸ್ ಕೋಡನ್ನು ಎಲ್ಲಿಂದಲೋ ಇಳಿಸಿಕೊಳ್ಳದೆ, ನಿಮ್ಮ ಕರ್ನಲ್‌ನ ಆವೃತ್ತಿಗೆ ಸೇರಿದ್ದನ್ನೇ ತರಬೇಕು, ಏಕೆಂದರೆ ಕರ್ನಲ್‌ನ ಒಳಗಿನ ಫಂಕ್ಷನ್‌ಗಳ ರೂಪ ಹಾಗೇ ಉಳಿಯುತ್ತದೆಂದು ಅದರ ನಿರ್ಮಾತೃಗಳು ಎಂದೂ ಮಾತು ಕೊಟ್ಟಿಲ್ಲ. ಇದೇ ಡ್ರೈವರಿನಲ್ಲಿ ಪೋರ್ಟಿನ ವೇಗ ಮುಂತಾದವನ್ನು ಹೊಂದಿಸುವ ಸೆಟ್ ಟರ್ಮಿಯೋಸ್ ಫಂಕ್ಷನ್‌ನ ಕೊನೆಯ ಆರ್ಗ್ಯುಮೆಂಟಿಗೆ ಕರ್ನಲ್ 6.1ರಲ್ಲಿ 'ಕಾನ್ಸ್ಟ್' (ಬದಲಿಸಬಾರದು ಎಂಬ ಗುರುತು) ಸೇರಿತು. ಅದಕ್ಕಿಂತ ಹಳೆಯ ಕಡತವನ್ನು ಹೊಸ ಕರ್ನಲ್ ಮೇಲೆ ಕಂಪೈಲ್ ಮಾಡಲು ಹೊರಟರೆ ಪಾಯಿಂಟರಿನ ಬಗೆ ಹೊಂದುವುದಿಲ್ಲವೆಂಬ ದೂರು ಎದುರಾಗುತ್ತದೆ. ಕಂಪೈಲ್ ಆದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಪ್ರತಿ ಮಾಡ್ಯೂಲ್‌ನೊಳಗೂ ಯಾವ ಕರ್ನಲ್‌ಗಾಗಿ ಕಟ್ಟಿದ್ದೆಂದು ಹೇಳುವ ವರ್ಮ್ಯಾಜಿಕ್ ಎಂಬ ಗುರುತು ಇರುತ್ತದೆ, ಅದು ಓಡುತ್ತಿರುವ ಕರ್ನಲ್‌ಗೆ ಹೊಂದದಿದ್ದರೆ ಮಾಡ್ಯೂಲ್ ಒಳಗೆ ಬರುವುದೇ ಇಲ್ಲ. ಆಗ ಬಲವಂತವಾಗಿ ಲೋಡ್ ಮಾಡುವ ಆಯ್ಕೆಯ ಮೊರೆ ಹೋಗಬೇಡಿ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಓದಿ, ಕಾರಣ ಅಲ್ಲಿಯೇ ಬರೆದಿರುತ್ತದೆ. ಸಹಿಯಿಲ್ಲದ ಮಾಡ್ಯೂಲನ್ನು ತಡೆಯುವ ಸೆಕ್ಯೂರ್ ಬೂಟ್ ಇರುವ ಲ್ಯಾಪ್‌ಟಾಪ್‌ನಲ್ಲಿ ಮಾಡ್ಯೂಲ್‌ಗೆ ನಿಮ್ಮದೇ ಕೀಯಿಂದ ಸಹಿ ಹಾಕಿ, ಆ ಕೀಯನ್ನು ಯಂತ್ರಕ್ಕೆ ನೋಂದಾಯಿಸುವುದೂ ಅಗತ್ಯ.

ಅಂದ ಹಾಗೆ, ದೋಷ ಡ್ರೈವರಿನದ್ದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಉಬುಂಟು 22.04ರಲ್ಲಿ ಬ್ರೈಲ್ ಪರದೆಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ತಂತ್ರಾಂಶವೇ ಈ ಚಿಪ್ಪನ್ನು ತನ್ನದೆಂದು ಹಿಡಿದುಕೊಳ್ಳುತ್ತಿತ್ತು. ಅಂಥಲ್ಲಿ ಡ್ರೈವರನ್ನು ಎಷ್ಟು ಸಲ ಕಟ್ಟಿದರೂ ಪೋರ್ಟ್ ಕೈಗೆ ಸಿಗುವುದಿಲ್ಲ.

ಹೊಸ ಕಡತವನ್ನು ಹಳೆಯದರ ಮೇಲೆ ನಕಲಿಸದೆ, ಮಾಡ್ಯೂಲ್‌ಗಳ 'ಅಪ್‌ಡೇಟ್ಸ್' ಫೋಲ್ಡರಿನಲ್ಲಿಟ್ಟು ಮಾಡ್ಯೂಲ್‌ಗಳ ಪಟ್ಟಿಯನ್ನು ಹೊಸದಾಗಿಸುವ ಡಿಪ್‌ಮಾಡ್ ನಡೆಸಿ. ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್ ಅದನ್ನೇ ಮೊದಲು ಆರಿಸುತ್ತದೆ, ಮೂಲ ಡ್ರೈವರ್ ಅಲ್ಲೇ ಸುರಕ್ಷಿತವಾಗಿ ಉಳಿದಿರುತ್ತದೆ. ವರ್ಕ್‌ಶಾಪಿನಲ್ಲಿ ಕೆಲಸ ನಿಲ್ಲಿಸಲಾಗದವರಿಗೆ ಇದು ದೊಡ್ಡ ಭರವಸೆ.

ನಮ್ಮ ಭಾಗದ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಲ್ಯಾಬ್ ನಡೆಸುವ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಈ ಡ್ರೈವರಿನಲ್ಲಿ ಸಾಧನ ಜೋಡಿಸಿದಾಗ ಓಡುವ ಪ್ರೋಬ್ ಫಂಕ್ಷನ್‌ನಲ್ಲಿ ಒಂದು ಸಂದೇಶ ಬರೆಯುವ ಸಾಲನ್ನು ವಿದ್ಯಾರ್ಥಿಗಳ ಕೈಯಲ್ಲೇ ಸೇರಿಸಿಸಿ, ಮಾಡ್ಯೂಲ್ ಕಟ್ಟಿಸಿ, ಬೋರ್ಡ್ ಚುಚ್ಚಿದ ಕೂಡಲೇ ಆ ಸಾಲು ಡಿಮೆಸೇಜ್‌ನಲ್ಲಿ ಮೂಡುವುದನ್ನು ಅವರಿಗೆ ತೋರಿಸಿ. ಇಡೀ ಕರ್ನಲ್ ಕಟ್ಟುವ ಪಾಠವನ್ನು ಅದರ ನಂತರ ಇಟ್ಟುಕೊಳ್ಳಬಹುದು.