ಲೆನ್ಸೂ ನಡುಕ ತಡೆಯುತ್ತದೆ, ಬಾಡಿಯೂ ತಡೆಯುತ್ತದೆ

ಕೇಳುಗರಿಗೆ ನಮಸ್ಕಾರ.

ಕ್ಯಾಮೆರಾವನ್ನು ಎಷ್ಟೇ ಗಟ್ಟಿಯಾಗಿ ಹಿಡಿದರೂ ನಮ್ಮ ಉಸಿರು, ನಾಡಿಬಡಿತ, ಶಟರ್ ಒತ್ತುವ ಬೆರಳು ಅದನ್ನು ಅಲುಗಿಸಿಯೇ ಅಲುಗಿಸುತ್ತವೆ, ಚಿತ್ರ ಮಸುಕಾಗುತ್ತದೆ. ಈ ನಡುಕಕ್ಕೆ ಎರಡು ಬಗೆಯ ಮದ್ದುಂಟು. ಒಂದು ಲೆನ್ಸಿನೊಳಗೆ: ಅಲುಗಾಟವನ್ನು ಗೈರೋ ಸೆನ್ಸರ್ ಗುರುತಿಸಿದ ಕೂಡಲೇ ಕೆಲವು ಗಾಜುಗಳು ಪಕ್ಕಕ್ಕೆ ಸರಿದು ಚಿತ್ರವನ್ನು ಸ್ವಸ್ಥಾನಕ್ಕೆ ತರುತ್ತವೆ. ಕ್ಯಾನನ್ 1995ರಲ್ಲೇ ತನ್ನ 75-300 ಜೂಮ್‌ನಲ್ಲಿ ಇದನ್ನು ಅಳವಡಿಸಿತು. ಇನ್ನೊಂದು ಬಾಡಿಯೊಳಗೆ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದೊಳಗೆ: ಚಿತ್ರ ಹಿಡಿಯುವ ಇಮೇಜ್ ಸೆನ್ಸರೇ ಸರಿಯುತ್ತದೆ. ಇದು ಮಿನೋಲ್ಟಾದ ಡಿಮೇಜ್ ಎ1 ಕ್ಯಾಮೆರಾದಲ್ಲಿ 2003ರಲ್ಲಿ ಬಂತು.

ಯಾವುದು ಮೇಲು? ಒಂದು ಲೆಕ್ಕ ಹಾಕೋಣ. ಕ್ಯಾಮೆರಾ ಒಂದು ಡಿಗ್ರಿ ವಾಲಿತು ಅಂದುಕೊಳ್ಳಿ. ಅಗಲ ನೋಟದ, ಅಂದರೆ ವೈಡ್, 24 ಮಿಲಿಮೀಟರ್ ಲೆನ್ಸಿದ್ದರೆ ಚಿತ್ರ ಸೆನ್ಸರ್ ಮೇಲೆ ಅರ್ಧ ಮಿಲಿಮೀಟರ್ ಕೂಡ ಜರುಗುವುದಿಲ್ಲ. ದೂರದ್ದನ್ನು ಹತ್ತಿರ ತೋರುವ, ಅಂದರೆ ಟೆಲಿಫೋಟೋ, 300 ಮಿಲಿಮೀಟರ್ ಲೆನ್ಸಿದ್ದರೆ 5 ಮಿಲಿಮೀಟರ್ ದಾಟುತ್ತದೆ. ಅಷ್ಟು ದೂರ ಓಡಲು ಸೆನ್ಸರಿಗೆ ಬಾಡಿಯಲ್ಲಿ ಜಾಗವೆಲ್ಲಿ? ಹಾಗಾಗಿ ಟೆಲಿಫೋಟೋದಲ್ಲಿ ಲೆನ್ಸಿನದೇ ಮೇಲುಗೈ. ಆದರೆ ಕ್ಯಾಮೆರಾ ಗಡಿಯಾರದ ಮುಳ್ಳಿನಂತೆ ತಿರುಗಿತೆನ್ನಿ, ಆಗ ಲೆನ್ಸ್ ಕೈಚೆಲ್ಲುತ್ತದೆ. ದುಂಡನೆಯ ಗಾಜನ್ನು ತಿರುಗಿಸಿದರೆ ಚಿತ್ರ ತಿರುಗುವುದಿಲ್ಲವಲ್ಲ! ಅದನ್ನು ಸರಿಪಡಿಸಲು ಸೆನ್ಸರೇ ತಿರುಗಬೇಕು.

ಹಾಗಾದರೆ ಎರಡನ್ನೂ ಒಟ್ಟಿಗೆ ಆನ್ ಮಾಡಿದರಾಯಿತೇ? ಅಷ್ಟು ಸುಲಭವಲ್ಲ. ಒಂದರ ಕೆಲಸ ಇನ್ನೊಂದಕ್ಕೆ ತಿಳಿಯದಿದ್ದರೆ ಎರಡೂ ಅದೇ ನಡುಕವನ್ನು ಪೂರ್ತಿಯಾಗಿ ತಿದ್ದುತ್ತವೆ. ಒಂದೇ ಬಿಲ್ಲಿಗೆ ಇಬ್ಬರೂ ದುಡ್ಡು ಕಟ್ಟಿದ ಹಾಗೆ. ಚಿತ್ರ ಈಗ ಎದುರು ದಿಕ್ಕಿಗೆ ಅಷ್ಟೇ ಜರುಗಿರುತ್ತದೆ. ಆದ್ದರಿಂದ ಲೆನ್ಸ್ ಮತ್ತು ಬಾಡಿ ಕ್ಷಣಕ್ಷಣವೂ ಮಾತಾಡಿಕೊಂಡು ಕೆಲಸ ಹಂಚಿಕೊಳ್ಳಬೇಕು. ನನ್ನ ದೃಷ್ಟಿಯಲ್ಲಿ ಈ ಹೊಂದಾಣಿಕೆಯೇ ನಿಜವಾದ ಸಾಧನೆ. ಸೋನಿಯ 2014ರ ಎ7 ಮಾರ್ಕ್ 2ರಲ್ಲಿ ಮೇಲೆ-ಕೆಳಗೆ, ಎಡ-ಬಲ ವಾಲುವುದನ್ನು ಲೆನ್ಸ್ ನೋಡಿಕೊಂಡರೆ ಮಿಕ್ಕ ಮೂರು ಬಗೆಯ ಚಲನೆ (ವಾಲದೆ ಪಕ್ಕಕ್ಕೆ ಸರಿಯುವುದು, ಮೇಲೆ-ಕೆಳಗೆ ಸರಿಯುವುದು, ಗಡಿಯಾರದ ಮುಳ್ಳಿನಂತೆ ತಿರುಗುವುದು) ಬಾಡಿಯ ಪಾಲು. ಈ ನೆರವನ್ನು ಸ್ಟಾಪ್‌ಗಳಲ್ಲಿ ಅಳೆಯುತ್ತಾರೆ: ಒಂದು ಸ್ಟಾಪ್ ಎಂದರೆ ಚಿತ್ರ ಮಸುಕಾಗದೆ ಶಟರ್ ತೆರೆದಿರಬಹುದಾದ ಹೊತ್ತು ಇಮ್ಮಡಿ. 2016ರ ಒಲಿಂಪಸ್ 300 ಮಿಲಿಮೀಟರ್ ಲೆನ್ಸ್, ಬಾಡಿಯ ಜೊತೆ ಸೇರಿ 6 ಸ್ಟಾಪ್ ಕೊಟ್ಟಿತು. 2020ರ ಕ್ಯಾನನ್ ಆರ್5, ತಕ್ಕ ಲೆನ್ಸ್ ಇದ್ದರೆ 8 ಸ್ಟಾಪ್ ವರೆಗೆ ಎಂದು ಕಂಪನಿಯೇ ಹೇಳಿತು. 5 ಸ್ಟಾಪ್ ಸಿಕ್ಕರೂ ಸೆಕೆಂಡಿನ 200ನೇ ಒಂದು ಭಾಗ ಬೇಕಿದ್ದಲ್ಲಿ 6ನೇ ಒಂದು ಭಾಗ ಸಾಕು.

ಕೊಳ್ಳುವವರು ಇದೊಂದನ್ನು ಗಮನಿಸಿ. ಮೈಕ್ರೋ ಫೋರ್ ಥರ್ಡ್ಸ್ ಎಂಬ ಸಮಾನ ಜೋಡಣೆಯ ಪ್ಯಾನಾಸೋನಿಕ್ ಲೆನ್ಸ್ ಒಲಿಂಪಸ್ ಬಾಡಿಗೆ ಸಲೀಸಾಗಿ ಕೂರುತ್ತದೆ, ಫೋಕಸ್ಸೂ ಆಗುತ್ತದೆ. ನಡುಕ ತಡೆಯುವ ಜೋಡಿ ಕೆಲಸ ಮಾತ್ರ ಆಗದು, ಎರಡರಲ್ಲಿ ಒಂದನ್ನೇ ನೆಚ್ಚಬೇಕು. ವೈಡ್ ಲೆನ್ಸ್ ಬಳಸುವವರಿಗೆ ಬಾಡಿಯದೊಂದೇ ಸಾಕು. ಹಕ್ಕಿಗಳ ಬೆನ್ನು ಹತ್ತುವವರು ಲೆನ್ಸಿನಲ್ಲೂ ಈ ಸೌಲಭ್ಯ ಇರುವಂತೆ ನೋಡಿಕೊಳ್ಳಿ. ಅದೇ ಹಕ್ಕಿ ರೆಕ್ಕೆ ಬಡಿಯತೊಡಗಿದರೆ ಇವೆರಡೂ ನೆರವಿಗೆ ಬರುವುದಿಲ್ಲ, ಏಕೆಂದರೆ ಇವು ತಿದ್ದುವುದು ಕ್ಯಾಮೆರಾದ ಅಲುಗಾಟವನ್ನಷ್ಟೇ. ಆಗ ಐಎಸ್‌ಓ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸಿ, ಶಟರ್ ವೇಗವನ್ನು ಸೆಕೆಂಡಿನ 2000ನೇ ಒಂದು ಭಾಗಕ್ಕೆ ಒಯ್ಯಿರಿ.

ನಮಸ್ಕಾರ.