ಕೊಡಬಹುದು, ಕೊಡತಕ್ಕದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಜನವರಿ ತಿಂಗಳ ಒಂದು ಸಂಜೆ. ಸೋಮವಾರಪೇಟೆ ಕಡೆಯ ನಮ್ಮ ತೋಟದ ಕಣದಲ್ಲಿ ಹರವಿದ್ದ ಕಾಫಿಯ ಮೇಲೆ ದಪ್ಪ ಹನಿಯ ಮಳೆ ಸುರಿಯತೊಡಗಿತು. ಟಾರ್ಪಾಲು ಎಳೆಯಲು ಮನೆಯವರೆಲ್ಲ ಓಡಿದೆವು. ಅಷ್ಟರಲ್ಲಿ ಮೂರು ದಿನದ ಬಿಸಿಲು ನೀರುಪಾಲಾಗಿತ್ತು. ಕಾಫಿ ಬೆಳೆಯುವ ಮನೆಗಳಲ್ಲಿ ಈ ಓಟ ಯಾರಿಗೂ ಹೊಸದಲ್ಲ. ಆದರೆ ಆ ರಾತ್ರಿ ನನ್ನ ತಮ್ಮನ ಮಗ ಮಲಗಲಿಲ್ಲ. ಎಂಜಿನಿಯರಿಂಗ್ ಓದಿ ಊರಿಗೆ ಮರಳಿದ ಹುಡುಗ ಅವನು. ಕಾಫಿ ಸಿಪ್ಪೆಯನ್ನೇ ಉರಿಸಿ, ಆ ಬಿಸಿಗಾಳಿಯಲ್ಲಿ ಸೂರಿನಡಿಯೇ ಕಾಫಿ ಒಣಗಿಸುವ ಒಂದು ಸಣ್ಣ ಗೂಡನ್ನು ಕಾಗದದ ಮೇಲೆ ಗೀಚುತ್ತ ಕುಳಿತ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಹಿತ್ತಿಲಿನ ಕೊಟ್ಟಿಗೆಯಲ್ಲಿ ಅದು ಎದ್ದು ನಿಂತಿತು.

ಅದನ್ನು ದೊಡ್ಡದಾಗಿ ಕಟ್ಟಲು ಹಣ ಬೇಕಿತ್ತು. ಹೊಸ ಆವಿಷ್ಕಾರಗಳಿಗೆ ಹಣ ನೀಡುವ ಸಾರ್ವಜನಿಕ ಸಂಸ್ಥೆಯೊಂದಕ್ಕೆ ಅವನು ಅರ್ಜಿ ಹಾಕಿದ. ಎಂಟು ತಿಂಗಳ ಬಳಿಕ ಬಂದದ್ದು ಒಂದೇ ಸಾಲು: ನಿಮ್ಮ ಪ್ರಸ್ತಾವನೆ ಆಯ್ಕೆಯಾಗಿಲ್ಲ. ಅವನು ನನ್ನನ್ನು ಕೇಳಿದ, "ದೊಡ್ಡಪ್ಪ, ಇದು ಯಾರ ಹಣ? ಬೇಡ ಎಂದವರು ಯಾರು?"

ಮೂವತ್ತು ವರ್ಷ ಸಹಕಾರ ಸಂಘಗಳ ಲೆಕ್ಕಪತ್ರ ತಪಾಸಣೆ ಮಾಡಿದವನು ನಾನು. ಅವನ ಎರಡೂ ಪ್ರಶ್ನೆಗಳು ನನ್ನ ಕಸುಬಿನವೇ. ಉತ್ತರ ಹುಡುಕುತ್ತ ಹೋದಾಗ ತಿಳಿದದ್ದನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಇಂಥ ಸಂಸ್ಥೆಗಳು ಮೂರು ಬಗೆಯಲ್ಲಿ ಹುಟ್ಟುತ್ತವೆ. ಕೆಲವು ಸಂಸತ್ತಿನ ಕಾಯ್ದೆಯಿಂದಲೇ ಹುಟ್ಟಿದವು. 1995ರ ಕಾಯ್ದೆಯಿಂದ ಬಂದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಅಂಥದ್ದು. ಕೆಲವು ಕಂಪನಿಗಳು. ಜೈವಿಕ ತಂತ್ರಜ್ಞಾನ ಕ್ಷೇತ್ರದ ಬೈರ್‍ಯಾಕ್ 2012ರಲ್ಲಿ ನೋಂದಣಿಯಾದ, ಲಾಭ ಹಂಚಿಕೊಳ್ಳದ ಸರ್ಕಾರಿ ಕಂಪನಿ. ಇನ್ನು ಕೆಲವು ಸೊಸೈಟಿಗಳು, ಅಂದರೆ ಸದಸ್ಯರು ಸೇರಿ ನೋಂದಾಯಿಸಿಕೊಂಡ ಸಂಘಗಳು. ಹಳ್ಳಿಯ ಬುದ್ಧಿವಂತಿಕೆಯನ್ನು ಹುಡುಕಿಕೊಂಡು ಹೋಗುವ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ 2000ನೇ ಇಸವಿಯಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ್ದು ಹೀಗೆ. ಅದರ ಬೇರು ಇರುವುದು ಜೇನುನೊಣದ ಹೆಸರಿಟ್ಟುಕೊಂಡ ಒಂದು ಬಳಗದಲ್ಲಿ. ಹೂವಿಗೆ ನೋವಾಗದಂತೆ ಮಕರಂದ ತೆಗೆದುಕೊಳ್ಳಬೇಕು, ಒಂದು ಹೂವನ್ನು ಇನ್ನೊಂದು ಹೂವಿಗೆ ಬೆಸೆಯಬೇಕು ಎಂಬುದು ಆ ಬಳಗದ ನಂಬಿಕೆ. ಜೇನಿನ ನಾಡಾದ ಕೊಡಗಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಟ್ಟು ಯಾವ ಬಗೆಯದಾದರೇನು ಎಂದು ಕೇಳಬಹುದು. ಬಹಳ ವ್ಯತ್ಯಾಸವಿದೆ. ಕಾಯ್ದೆಯಿಂದ ಹುಟ್ಟಿದ ಮಂಡಳಿಯನ್ನು ಮುಚ್ಚಬೇಕಾದರೆ ಸಂಸತ್ತಿನ ಮುಂದೆಯೇ ಹೋಗಬೇಕು. ಸೊಸೈಟಿಯ ನಿಯಮಾವಳಿಯನ್ನು ಅದರ ಸಭೆಯೇ ತಿದ್ದಬಹುದು. ಹಾಗೆಂದು ಸೊಸೈಟಿ ಎಂಬ ಹೆಸರಿನ ಮರೆಯಲ್ಲಿ ಸಂವಿಧಾನದಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ. ಮೈಸೂರಿನ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐಯಂಥ ಪ್ರಯೋಗಾಲಯಗಳನ್ನು ನಡೆಸುವ ಕೇಂದ್ರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಕಾಗದದ ಮೇಲೆ ಒಂದು ಸೊಸೈಟಿ. ಅದು 'ಪ್ರಭುತ್ವ'ದ, ಅಂದರೆ ಸಂವಿಧಾನದ ಕಟ್ಟಿಗೆ ಒಳಪಟ್ಟ ಸರ್ಕಾರಿ ಅಧಿಕಾರದ, ಭಾಗವಲ್ಲ ಎಂದು 1975ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2002ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಬದಿಗೆ ಸರಿಸಿತು. ಹಣದಲ್ಲಿ, ಕೆಲಸದಲ್ಲಿ, ಆಡಳಿತದಲ್ಲಿ ಸರ್ಕಾರದ ಹಿಡಿತ ಆಳವಾಗಿದ್ದರೆ ಆ ಸಂಸ್ಥೆ ಪ್ರಭುತ್ವವೇ ಎಂದಿತು. ಪ್ರಭುತ್ವ ಎಂದಮೇಲೆ ಮನಸ್ಸಿಗೆ ಬಂದವರಿಗೆ ಕೊಡುವಂತಿಲ್ಲ. ಸಮಾನತೆಯ 14ನೇ ವಿಧಿ ಅದನ್ನು ಕಟ್ಟುತ್ತದೆ. ಅನ್ಯಾಯವಾದವನು ಹೈಕೋರ್ಟಿನ ಬಾಗಿಲು ತಟ್ಟಬಹುದು. ನಮ್ಮ ಹುಡುಗನ ಮೊದಲ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದೇ: ಹಣ ನಿನ್ನದೂ ಹೌದು ಮಗನೇ, ಅದನ್ನು ಹಂಚುವವರು ನಿನಗೂ ಉತ್ತರ ಹೇಳಬೇಕಾದವರು.

ಈಗ ನನ್ನನ್ನು ಬಹುಕಾಲ ಕಾಡಿದ ಸಂಗತಿಗೆ ಬರುತ್ತೇನೆ.

ತಂತ್ರಜ್ಞಾನ ಅಭಿವೃದ್ಧಿ ಮಂಡಳಿಯ ಉದ್ದೇಶ ಚಿನ್ನದಂಥದ್ದು. ಸ್ವದೇಶಿ ತಂತ್ರಜ್ಞಾನವನ್ನು ಪ್ರಯೋಗಾಲಯದಿಂದ ಮಾರುಕಟ್ಟೆಗೆ ತರುವ ಉದ್ಯಮಕ್ಕೆ ಅದು ಬಂಡವಾಳ, ಸಾಲ ಕೊಡುತ್ತದೆ. 1997ರಲ್ಲಿ ಮಾರುಕಟ್ಟೆಗೆ ಬಂದ ನಮ್ಮ ದೇಶದ್ದೇ ಆದ ಹೆಪಟೈಟಿಸ್ ಬಿ ಲಸಿಕೆಯ ಹಿಂದೆ ಈ ಮಂಡಳಿಯ ನೆರವಿತ್ತು. ಇದಕ್ಕೆ ಹಣದ ಮೂಲವನ್ನೂ ಜಾಣತನದಿಂದ ಯೋಚಿಸಲಾಗಿತ್ತು. ಹೊರದೇಶದಿಂದ ತಂತ್ರಜ್ಞಾನ ತರಿಸಿಕೊಳ್ಳುವ ಕಂಪನಿ ಅದಕ್ಕಾಗಿ ತೆರುವ ಹಣದ ಮೇಲೆ ನೂರಕ್ಕೆ ಐದರವರೆಗೆ ಉಪಕರ ಕಟ್ಟಬೇಕೆಂದು 1986ರ ಕಾಯ್ದೆಯೊಂದು ಹೇಳುತ್ತಿತ್ತು. ಹೊರಗಿನದನ್ನು ಕೊಳ್ಳುವವನು ಒಳಗಿನದನ್ನು ಬೆಳೆಸಲಿ ಎಂಬ ಲೆಕ್ಕ.

1996-97ರಿಂದ 2016-17ರವರೆಗೆ ಈ ಉಪಕರದಿಂದ ಬಂದದ್ದು 7,885 ಕೋಟಿ ರೂಪಾಯಿ. ಆ ಉದ್ದೇಶಕ್ಕೆ ಬಳಕೆಯಾದದ್ದು 609 ಕೋಟಿ. ನೂರಕ್ಕೆ ಎಂಟೂ ಇಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ ವರದಿಯೇ ಹೇಳಿದ ಮಾತಿದು. 2017ರ ಏಪ್ರಿಲ್‌ನಿಂದ ಉಪಕರವೇ ರದ್ದಾಯಿತು.

ಯಾರೋ ಕದ್ದರೇ? ಇಲ್ಲ. ಉಪಕರದ ಹಣ ಮೊದಲು ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ, ಸೇರಬೇಕು. ಅಲ್ಲಿಂದ ಸಂಸತ್ತಿನ ಒಪ್ಪಿಗೆ ಪಡೆದು, ತನಗೆ ಸರಿಕಂಡಷ್ಟನ್ನು ಸರ್ಕಾರ ಈ ಕೆಲಸಕ್ಕೆ ಕೊಡಬಹುದು ಎಂದು ಕಾಯ್ದೆ ಬರೆದಿತ್ತು. ಕೊಡಬಹುದು! ನಮ್ಮ ಕಾನೂನಿನ ಕನ್ನಡದಲ್ಲಿ ಎರಡು ಕ್ರಿಯಾರೂಪಗಳಿವೆ. 'ಕೊಡತಕ್ಕದ್ದು' ಎಂದರೆ ಬಿಡುವಂತಿಲ್ಲ. 'ಕೊಡಬಹುದು' ಎಂದರೆ ಕೊಡದೆಯೂ ಇರಬಹುದು. ಏಳು ಸಾವಿರ ಕೋಟಿಗೂ ಮಿಕ್ಕ ಹಣ ಆ ಒಂದು ಪ್ರತ್ಯಯದ ಸಂದಿನಲ್ಲಿ ಬೇರೆ ಕಡೆಗೆ ಹರಿದುಹೋಯಿತು.

ನನ್ನ ಕೆಲಸದ ಮೊದಲ ವರ್ಷ ಒಂದು ಸಂಘದ ಲೆಕ್ಕ ನೋಡುತ್ತಿದ್ದಾಗ ಲೆಡ್ಜರಿನಲ್ಲಿ 'ಕಟ್ಟಡ ನಿಧಿ' ಎಂಬ ಶೀರ್ಷಿಕೆ ಕಂಡಿತು. ಸದಸ್ಯರಿಂದ ವರ್ಷ ವರ್ಷ ಕಡಿತ ಮಾಡಿದ ಹಣ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಂಥ ಖಾತೆಯೇ ಇರಲಿಲ್ಲ. ಎಲ್ಲವೂ ಒಂದೇ ಖಾತೆಯಲ್ಲಿ ಕಲಸಿ ಸಂಬಳಕ್ಕೆ, ಗೊಬ್ಬರದ ದಾಸ್ತಾನಿಗೆ ಖರ್ಚಾಗಿತ್ತು. ಯಾರೂ ಒಂದು ಪೈಸೆ ಜೇಬಿಗಿಳಿಸಿರಲಿಲ್ಲ. ಆದರೆ ಕಟ್ಟಡ ಮೇಲೇಳಲಿಲ್ಲ. ನಮ್ಮ ಊರುಗಳಲ್ಲಿ ದೇವರ ಭಂಡಾರವನ್ನು ನೋಡಿ. ಇಟ್ಟುಕೊಂಡ ಮನೆಯವರು ಅದರ ಒಡೆಯರಲ್ಲ. ಊರಿನ ಹಿರಿಯರಾದ ತಕ್ಕಮುಖ್ಯಸ್ಥರು ಸೇರದೆ ಪೆಟ್ಟಿಗೆ ತೆರೆಯುವುದಿಲ್ಲ, ಹಬ್ಬದ ಕೆಲಸ ಬಿಟ್ಟು ಬೇರೆಯದಕ್ಕೆ ಅದು ಹೊರಬರುವುದಿಲ್ಲ. ದೇಶದ ನಿಧಿಗಳಿಗೂ ಅಂಥದ್ದೇ ಬೇಲಿ ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ಇನ್ನೂ ದೊಡ್ಡ ಸಂಸ್ಥೆ ಬಂದಿದೆ: ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. 2023ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆಯನ್ನು ಅಂಗೀಕರಿಸಿತು, 2024ರ ಫೆಬ್ರುವರಿ 5ರಂದು ಅದು ಜಾರಿಗೆ ಬಂದಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು. ಅದರಲ್ಲಿ ಕೇಂದ್ರ ಸರ್ಕಾರದ್ದು 14,000 ಕೋಟಿ. ಉಳಿದ 36,000 ಕೋಟಿ ಉದ್ಯಮಗಳಿಂದ, ದಾನಿಗಳಿಂದ, ಇತರ ಮೂಲಗಳಿಂದ ಬರಬೇಕು. ಆವಿಷ್ಕಾರಕ್ಕೆಂದೇ ಪ್ರತ್ಯೇಕ ನಿಧಿಯನ್ನು ಕಾಯ್ದೆಯಲ್ಲಿ ಹೆಸರಿಸಿರುವುದು ನನಗೆ ಸಂತೋಷ ತಂದಿದೆ. ಲೆಕ್ಕವನ್ನು ಮಹಾಲೇಖಪಾಲರು ನೋಡುತ್ತಾರೆ, ವಾರ್ಷಿಕ ವರದಿ ಸಂಸತ್ತಿನ ಮೇಜಿಗೆ ಹೋಗುತ್ತದೆ.

ಆಡಳಿತ ಮಂಡಳಿಯ ಅಧ್ಯಕ್ಷರು ಪ್ರಧಾನಮಂತ್ರಿಗಳು. ವಿಜ್ಞಾನ ಮತ್ತು ಶಿಕ್ಷಣ ಸಚಿವರು ಉಪಾಧ್ಯಕ್ಷರು. ಕಾರ್ಯಕಾರಿ ಪರಿಷತ್ತಿಗೆ ಪ್ರಧಾನ ವೈಜ್ಞಾನಿಕ ಸಲಹೆಗಾರರು ಮುಖ್ಯಸ್ಥರು. ಅಷ್ಟು ಎತ್ತರದವರು ಕುಳಿತರೆ ಮಾತಿಗೆ ತೂಕ ಬರುತ್ತದೆ, ಕಡತ ಬೇಗ ಚಲಿಸುತ್ತದೆ, ನಿಜ. ಆದರೆ ಸರ್ಕಾರದಿಂದ ಒಂದು ಮಾರು ದೂರ ನಿಂತು ನಿರ್ಧಾರ ಮಾಡುವ ಸ್ವಾತಂತ್ರ್ಯ ಸಂಶೋಧನೆಗೆ ಬೇಕು. ಆ ದೂರ ಇಲ್ಲಿ ಸಾಲದು ಎಂಬುದು ನನ್ನ ಅನಿಸಿಕೆ. ಉದ್ಯಮದವರಿಗೆ ಆಡಳಿತ ಮಂಡಳಿಯಲ್ಲಿ ಸ್ಥಾನವಿದೆ. ರೈತನಿಗೆಂದು ಮೀಸಲಿಟ್ಟ ಕುರ್ಚಿ ಇಲ್ಲ. 1942ರ ಕಾಫಿ ಕಾಯ್ದೆಯನ್ನು ನೆನಪಿಸಿಕೊಳ್ಳಿ. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಒಟ್ಟು ಮಾರಾಟದ ಪೂಲ್‌ಗೆ ಒಪ್ಪಿಸಬೇಕಿದ್ದ ಆ ಬಿಗಿ ಕಾಲದಲ್ಲೂ ಆ ಮಂಡಳಿಯಲ್ಲಿ ಬೆಳೆಗಾರರ ಪ್ರತಿನಿಧಿಗಳು ಕೂರುತ್ತಿದ್ದರು. ಕೊಡಗಿನ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ತಾಕುಗಳಲ್ಲಿ ಏನು ನಡೆಯಬೇಕು ಎಂಬ ಮಾತು ಎದ್ದಾಗ ಕಾಫಿ ಗಿಡದ ಕಾಂಡ ಕೊರೆಯುವ ಕೀಟವಾದ ಬಿಳಿ ಕಾಂಡಕೊರಕದ ಹಾವಳಿಯನ್ನು ಕಣ್ಣಾರೆ ಕಂಡವನು ಸಭೆಯಲ್ಲಿದ್ದರೆ ಆಗುವ ಪ್ರಯೋಜನ ನಮಗೆ ಗೊತ್ತು.

ಇನ್ನು ಹುಡುಗನ ಎರಡನೆಯ ಪ್ರಶ್ನೆ. ಬೇಡ ಎಂದವರು ಯಾರು, ಏಕೆ?

ಸಾಮಾನ್ಯವಾಗಿ ತಜ್ಞರ ಸಮಿತಿಯೊಂದು ಅಂಕ ಹಾಕುತ್ತದೆ. ಸಮಿತಿಯ ಸದಸ್ಯನಿಗೆ ಅರ್ಜಿದಾರನೊಡನೆ ನಂಟೋ ಪೈಪೋಟಿಯೋ ಇದ್ದರೆ ಮೊದಲೇ ಹೇಳಿ ಎದ್ದುಹೋಗಬೇಕು. ಸಹಕಾರ ಸಂಘದಲ್ಲೂ ನಿರ್ದೇಶಕನ ಮನೆಯವರ ಸಾಲದ ಅರ್ಜಿ ಬಂದಾಗ ನಾವು ಬಯಸುವುದು ಇದನ್ನೇ. ಆಯ್ಕೆಯಾದವರಿಗೆ ಹಣ ಕಂತಿನಲ್ಲಿ ಬರುತ್ತದೆ, ಪ್ರತಿ ಕಂತಿಗೂ ಬಳಕೆ ಪ್ರಮಾಣಪತ್ರ. ಇದಕ್ಕೆ ಬೇಸರಪಟ್ಟುಕೊಳ್ಳಬೇಡಿ, ಅದು ಇರಬೇಕಾದದ್ದೇ.

ಆಯ್ಕೆಯಾಗದವನಿಗೆ? ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣವನ್ನು ಬಹಳ ಜನ ಓದುವುದಿಲ್ಲ. ಆಡಳಿತಾತ್ಮಕ ನಿರ್ಧಾರಕ್ಕೆ ಕಾರಣವನ್ನು, ಅದರಿಂದ ಬಾಧಿತನಾದವನಿಗೆ, ಸಾರ್ವಜನಿಕ ಪ್ರಾಧಿಕಾರ ತಾನಾಗಿಯೇ ತಿಳಿಸತಕ್ಕದ್ದು ಎಂದು ಅಲ್ಲಿದೆ. ತಿಳಿಸಬಹುದು ಎಂದಿಲ್ಲ, ಗಮನಿಸಿ. ತಾನಾಗಿ ತಿಳಿಸದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಮೂವತ್ತು ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ ಇದೆ.

ನಾವಿಬ್ಬರೂ ಕುಳಿತು ಅರ್ಜಿ ಬರೆದೆವು. ಇಪ್ಪತ್ತಾರನೆಯ ದಿನ ಟಪಾಲು ಬಂದಿತು. ತಜ್ಞರ ಹೆಸರುಗಳನ್ನು ಮುಚ್ಚಿದ್ದರು, ಟಿಪ್ಪಣಿ ಇತ್ತು: ಒಂದು ಕ್ವಿಂಟಾಲ್ ಒಣಗಿಸಲು ಎಷ್ಟು ಸಿಪ್ಪೆ, ಎಷ್ಟು ಹೊತ್ತು, ಎಷ್ಟು ಖರ್ಚು ಎಂಬ ಅಳತೆ ಇಲ್ಲ.

ಹುಡುಗ ಕಾಗದವನ್ನು ಎರಡು ಸಲ ಓದಿದ. "ಅವರು ಹೇಳಿದ್ದು ಸರಿ ದೊಡ್ಡಪ್ಪ" ಎಂದ. ನನಗೆ ಕಣ್ಣು ತುಂಬಿ ಬಂದಿತು. ಆ ಮೂರು ಅಳತೆಗಳ ಮಾತನ್ನು ಮೊದಲ ಪತ್ರದಲ್ಲೇ ಬರೆದಿದ್ದರೆ ಅವನಿಗೆ ಒಂದು ಇಡೀ ಕೊಯ್ಲಿನ ಕಾಲ ಉಳಿಯುತ್ತಿತ್ತು. ಕಾರಣ ಹೇಳುವುದೂ ಹಣ ಕೊಟ್ಟಷ್ಟೇ ದೊಡ್ಡ ನೆರವು ಎಂದು ಆಯ್ಕೆ ಸಮಿತಿಗಳಲ್ಲಿ ಕೂರುವವರು, ಈ ಮಾತು ಕೇಳುತ್ತಿದ್ದರೆ, ದಯವಿಟ್ಟು ನೆನಪಿಡಬೇಕು.

ಈ ಸಲದ ಕೊಯ್ಲಿನಲ್ಲಿ ಅವನು ಪ್ರತಿ ಚೀಲವನ್ನೂ ಒಣಗಿಸುವ ಮುಂಚೆ ಒಮ್ಮೆ, ಒಣಗಿದ ಮೇಲೆ ಒಮ್ಮೆ ತೂಗಿ ಬರೆದಿಡುತ್ತಿದ್ದಾನೆ. ಉರಿಸಿದ ಸಿಪ್ಪೆಗೂ ಬೇರೆ ಕಾಲಂ ಇದೆ. ಆ ರಿಜಿಸ್ಟರಿಗೆ ಮೊದಲ ಪುಟದಿಂದ ಕೊನೆಯವರೆಗೆ ಪುಟಸಂಖ್ಯೆ ಹಾಕಿ, ಗೆರೆ ಎಳೆದು ಕೊಟ್ಟವನು ನಾನು. ಅರ್ಜಿ ಬರುವ ತಿಂಗಳು ಮತ್ತೆ ಹೋಗುತ್ತದೆ.

ನಮಸ್ಕಾರ.