ಮನೆಗೆ ಹೊರಡುವ ಮುನ್ನ

ಶ್ರೋತೃಗಳಿಗೆ ನಮಸ್ಕಾರ. ಅವಧಿಗೆ ಮೊದಲೇ ಹುಟ್ಟಿದ ಅಥವಾ ತೂಕ ತೀರಾ ಕಡಿಮೆಯಿರುವ ಮಗುವನ್ನು ನವಜಾತ ಶಿಶು ಘಟಕದಿಂದ ಮನೆಗೆ ಕರೆದೊಯ್ಯಲಿರುವ ತಂದೆತಾಯಿಯರಿಗೆ, ಅವರಿಗಿಂತಲೂ ಹೆಚ್ಚಾಗಿ ಬಾಣಂತನಕ್ಕೆ ಸಿದ್ಧರಾಗಿ ಕುಳಿತಿರುವ ಅಜ್ಜಿಯಂದಿರಿಗೆ ನಾನು ಹೇಳುವುದು ಒಂದೇ ಮಾತು: ಬಿಡುಗಡೆಯ ಚೀಟಿ ಕೈಗೆ ಬರುವ ಮೊದಲು ಆರೈಕೆಯ ಕೆಲಸ ಕೈಗೆ ಬಂದಿರಬೇಕು. ಹಾಲು ಹಿಂಡುವುದು, ಒಳಲೆಯಲ್ಲಿ ಕುಡಿಸುವುದು, ಔಷಧದ ಹನಿ ಎಣಿಸುವುದು, ಇವನ್ನೆಲ್ಲ ದಾದಿಯ ಎದುರಿಗೆ ನೀವೇ ಮಾಡಿ ತೋರಿಸಬೇಕು. ಮಳೆಗಾಲದ ರಾತ್ರಿ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಮರ ಬಿದ್ದು ರಸ್ತೆ ಕಟ್ಟಿದಾಗ ಕೇಳಿ ತಿಳಿಯೋಣವೆಂದರೆ ಯಾರಿದ್ದಾರೆ?

ಶಿರಸಿ ಕಡೆಯ ಅಜ್ಜಿಯೊಬ್ಬರು ಆಷಾಢದ ಮಳೆಯಲ್ಲಿ ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದರು. ಕೂಸಿನ ತೂಕ 1,600 ಗ್ರಾಂ. ಬಚ್ಚಲೊಲೆಗೆ ಬೆಂಕಿ ಹಾಕಲು ಹೇಳಿಯೇ ಹೊರಟಿದ್ದ ಅವರಿಗೆ, ಎರಡು ಕಿಲೋ ದಾಟುವವರೆಗೆ ಸ್ನಾನ ಬೇಡವೆಂದಾಗ ಸಿಟ್ಟೇ ಬಂತು. "ಎಂಟು ಹೆತ್ತವಳಿಗೆ ನೀನು ಕಲಿಸುತ್ತೀಯಾ ತಂಗೀ?" ಎಂದರು. ನಮ್ಮ ದಾದಿ ವಾದಕ್ಕಿಳಿಯಲಿಲ್ಲ. ಅಜ್ಜಿಯನ್ನು ಒರಗಿ ಕೂರಿಸಿ, ಟೊಪ್ಪಿ, ಕಾಲುಚೀಲ, ಲಂಗೋಟಿ ಮಾತ್ರವಿದ್ದ ಕೂಸನ್ನು ಅವರ ಬರಿಯ ಎದೆಯ ಮೇಲೆ ಕವುಚಿ ಮಲಗಿಸಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮೆತ್ತನೆಯ ಹತ್ತಿ ಸೀರೆಯಿಂದ ಸುತ್ತಿ ಕಟ್ಟಿದರು. ಕೂಸಿನ ಅಂಗಾಲು ಆಗ ತಣ್ಣಗಿತ್ತು. ಅಜ್ಜಿ ಗಳಿಗೆಗೊಮ್ಮೆ ಸೆರಗಿನೊಳಗೆ ಕೈ ಹಾಕಿ ಮುಟ್ಟುತ್ತಲೇ ಇದ್ದರು. ಕೊನೆಗೆ, "ಬೆಚ್ಚಗಾಯ್ತಲ್ಲೇ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದರು. ಹಾಗೆಯೇ ಕಟ್ಟಿಕೊಂಡು ಜೀಪು ಹತ್ತಿದರು. ಮನೆಯಲ್ಲಿ ತಾಯಿ ಊಟಕ್ಕೆ, ನಿದ್ದೆಗೆ ಹೋದಾಗಲೆಲ್ಲ ಕೂಸು ಅಜ್ಜಿಯ ಎದೆಯ ಮೇಲೆ.

ಚರ್ಮದಡಿಯಲ್ಲಿ ಕೊಬ್ಬಿಲ್ಲದ ಈ ಕೂಸುಗಳು ಬೇಗ ತಣ್ಣಗಾಗುತ್ತವೆ, ತಣ್ಣಗಾದರೆ ಹಾಲು ಚೀಪುವುದಿಲ್ಲ, ಹಾಲಿಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಆದ್ದರಿಂದ ದಿನಕ್ಕೆ ಕನಿಷ್ಠ 8 ಗಂಟೆ, ಸಾಧ್ಯವಾದಷ್ಟೂ ಹೆಚ್ಚು ಹೊತ್ತು, ಹೀಗೆ ಎದೆಗಪ್ಪಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ತಂದೆಯೂ ಕಟ್ಟಿಕೊಳ್ಳಬಹುದು, ದಯವಿಟ್ಟು ನಾಚಬೇಡಿ. "ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ?" ಎನ್ನುವವರ ಲೆಕ್ಕದಲ್ಲಿ, ಆಗ ಉಳಿಯದೆ ಹೋದ ಕೂಸುಗಳು ಇರುವುದಿಲ್ಲ.

ಸಮಯ ಮುಗಿಯುತ್ತಿದೆಯೆಂದು ಸನ್ನೆ ಮಾಡುತ್ತಿದ್ದಾರೆ. ಹೊರಡುವ ದಿನವೇ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕವಿದ್ದ ಮಗುವಿಗೆ, ಹುಟ್ಟಿದ 30 ದಿನದೊಳಗೆ ಅಕ್ಷಿಪಟಲದ, ಅಂದರೆ ಕಣ್ಣಿನ ಒಳಪದರದ, ತಪಾಸಣೆ ಆಗಲೇಬೇಕು. ಮಗು ಹಾಲು ಬಿಟ್ಟರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡಿದರೆ, ಅಂಗಾಲು ಹಳದಿಯಾದರೆ, ಸೆಳೆತ ಬಂದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೂ, ದಾರಿಯಲ್ಲಿಯೂ, ಮಗು ಎದೆಯ ಮೇಲೆಯೇ ಇರಲಿ. ನಮಸ್ಕಾರ.